ಒಂದೇ ಕಡೆ ಪೆಟ್ಟಿಗೆ

ಚಿಕ್ಕಯ್ಯನಛತ್ರ

ನೇಪಾಳಕ್ಕೆ ಹೋಗಿಬಂದವರು ಹಿಮದ ಬೆಟ್ಟಗಳಿಂದ ಸುದ್ದಿ ಶುರುಮಾಡುವುದು ವಾಡಿಕೆ. ನಾನು ಸೀರೆ ಗಾರ್ಡಿನಿಂದ ಶುರುಮಾಡಬೇಕಾಗಿದೆ. ಬೈಕಿನ ಎಡಗಡೆ, ಹಿಂದಿನ ಚಕ್ರಕ್ಕೆ ಸೆರಗು ಸಿಕ್ಕದಿರಲಿ ಎಂದು ಕಂಬಿಯ ಚೌಕಟ್ಟೊಂದು ಇರುತ್ತದಲ್ಲ, ಅದು. ಬೆಟ್ಟಗುಡ್ಡ ಹತ್ತುವ ದೊಡ್ಡ ಬೈಕು ಕೊಂಡವರು ಮೊದಲು ಮಾಡಿಸುವ ಕೆಲಸವೇ ಅದನ್ನು ಬಿಚ್ಚಿಸಿ ಎಸೆಯುವುದು. ಆ ಜಾಗದಲ್ಲಿ ಪ್ರವಾಸದ ಪೆಟ್ಟಿಗೆ ಕೂರಬೇಕು, ಎಡಕ್ಕೊಂದು, ಬಲಕ್ಕೊಂದು. ನಾನು ನಂಜನಗೂಡಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಭಾರ, ಸಮತೋಲ, ಗುರುತ್ವ ಕೇಂದ್ರ ಎಂದರೆ ಬಾಯಿ ಚಪ್ಪರಿಸುವ ಜಾತಿ. ಬೈಕು ಕೊಂಡ ಮೇಲೆ ಊಟದ ತಟ್ಟೆಯ ಮುಂದೂ ಲಗೇಜಿನ ವಿಡಿಯೋಗಳನ್ನೇ ನೋಡುತ್ತಿದ್ದೆ. ಎಂಜಿನ್ ಕೆಳಗೆ ಕಲ್ಲು ಬಡಿಯದಂತೆ ದಪ್ಪ ತಗಡು, ಹ್ಯಾಂಡಲ್ಲಿಗೆ ಕೈಕಾಪು, ಮುಂದೆ ಎತ್ತರದ ಗಾಜು, ಎಲ್ಲ ಆಯಿತು. ಪೆಟ್ಟಿಗೆಗಳಷ್ಟೇ ಬಾಕಿ ಇದ್ದವು.

ಅಷ್ಟರಲ್ಲಿ ಸುಶೀಲಕ್ಕ ತಾನೂ ಬರುತ್ತೇನೆಂದಳು.

ಸುಶೀಲಕ್ಕ ನನ್ನ ಸ್ವಂತ ಅಕ್ಕ. ಸೋಸಲೆಯ ಸೊಸೆ, ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಬಸ್ಸೋ ಕಾರೋ ಹತ್ತಿದರೆ ಅವಳಿಗೆ ವಾಂತಿ. ಸೋಸಲೆಯಿಂದ ಟಿ. ನರಸೀಪುರಕ್ಕೆ ಹೋಗುವುದರೊಳಗೆ ಹೊಟ್ಟೆ ತೊಳಸಿ, ಕಣ್ಣು ಗುಡ್ಡೆ ಮೇಲಾಗಿ, ಕಂಡಕ್ಟರೇ ಬೆಲ್ಲು ಹೊಡೆದು ಇಳಿಸುತ್ತಾನೆ. ಮಾತ್ರೆ, ನಿಂಬೆಹಣ್ಣು, ಕಿಟಕಿ ಸೀಟು ಯಾವುದಕ್ಕೂ ಅದು ಜಗ್ಗಿಲ್ಲ. ರೈಲು ಆಗುತ್ತದೆ, ಸ್ಕೂಟರು ಬೈಕು ಆಗುತ್ತವೆ. ಆದರೆ ರೈಲು ದೇವಸ್ಥಾನದ ಬಾಗಿಲಿಗೆ ಹೋಗುವುದಿಲ್ಲವಲ್ಲ. ನಮ್ಮ ಭಾವ ಇದಕ್ಕೆ ಪೂರಾ ಉಲ್ಟಾ. ಬದರಿಯಿಂದ ರಾಮೇಶ್ವರದವರೆಗೆ ಯಾವ ಬಸ್ಸು ಸಿಕ್ಕರೂ ಹತ್ತಿ ನಿದ್ದೆ ಹೊಡೆಯುತ್ತ ಹೋಗುವವರು. ಪ್ರತಿ ಸಲ ಬರುವಾಗ ಹೆಂಡತಿಗೆ ಚಿಕ್ಕ ತಾಮ್ರದ ಗಿಂಡಿಯಲ್ಲಿ ತೀರ್ಥ ತರುತ್ತಿದ್ದರು. ಅಕ್ಕನ ದೇವರ ಗೂಡಿನಲ್ಲಿ ಅಂಥ ಗಿಂಡಿಗಳ ಸಾಲೇ ಇದೆ.

ನಾನು ಬೈಕಿನಲ್ಲಿ ನೇಪಾಳದ ಮುಕ್ತಿನಾಥಕ್ಕೆ ಹೊರಟಿದ್ದೇನೆಂದು ಹೇಳಿದಾಗ ಅಕ್ಕ ಆ ಸಾಲನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಎಲ್ಲಾ ತೀರ್ಥಾನೂ ನನ್ನ ಅಡುಗೆಮನೆಗೇ ಬಂದಿದೆ ಕಣೋ" ಎಂದಳು. "ಒಂದನ್ನಾದ್ರೂ ಅದರ ಜಾಗದಲ್ಲಿ ನಿಂತು ಕುಡೀಬೇಕು. ನಿನ್ನ ಬೈಕು ಅಲ್ಲೀತನಕ ಹೋಗತ್ತೆ ತಾನೆ?"

ಹೋಗುತ್ತದೆ ಎಂದೆ. ಆಮೇಲೆ ಷರತ್ತು ಬಂತು. ಅವಳು ಕೂರುವುದು ಒಂದೇ ಕಡೆ ಕಾಲು ಇಳಿಬಿಟ್ಟು. ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ಮಾತು ಎತ್ತಕೂಡದು. ಸೀರೆಯನ್ನಲ್ಲದೆ ಬೇರೇನನ್ನೂ ಅವಳು ಉಟ್ಟವಳಲ್ಲ, ಈ ವಯಸ್ಸಿನಲ್ಲಿ ಉಡುವವಳೂ ಅಲ್ಲ. ಅಲ್ಲಿಗೆ ಸೀರೆ ಗಾರ್ಡು ಉಳಿಯಿತು, ಎಡಗಡೆಯ ಪೆಟ್ಟಿಗೆ ಹೋಯಿತು.

ಚಿಕ್ಕಯ್ಯನಛತ್ರದ ರಾಜಣ್ಣನ ವೆಲ್ಡಿಂಗ್ ಅಂಗಡಿಗೆ ಹೋದೆ. ಹಾಲಿನವರ ಬೈಕಿಗೆ ಕ್ಯಾನು ನೇತುಹಾಕುವ ಕಬ್ಬಿಣದ ಚೌಕಟ್ಟು ಮಾಡುವುದರಲ್ಲಿ ಆತ ಹೆಸರುವಾಸಿ. ಬಸ್ಸಿನ ನೆಲಕ್ಕೆ ಹಾಸುವ ಗೀರುಗೀರಿನ ಅಲ್ಯುಮಿನಿಯಂ ತಗಡಿನಲ್ಲಿ ಬಲಗಡೆಗೆ ಒಂದು ಪೆಟ್ಟಿಗೆ ಮಾಡಿದ. ಎಡಗಡೆಗೆ ಅಕ್ಕ ಎರಡೂ ಪಾದ ಊರುವಷ್ಟು ಅಗಲದ ಹಲಗೆ ಕೂರಿಸಿದ. ಒಂದೇ ಕಡೆ ಪೆಟ್ಟಿಗೆ ಹಾಕಿದರೆ ಗಾಡಿ ವಾಲುವುದಿಲ್ಲವೇ ಎಂದು ನಾನು ಕಾಗದದ ಮೇಲೆ ಬಾಣಗಳನ್ನು ಎಳೆದು ಕೇಳಿದೆ.

"ಅಕ್ಕೋರು ಒಂದ್ ಕಡೆ, ಪೆಟ್ಗೆ ಒಂದ್ ಕಡೆ. ತಕ್ಕಡಿ ಸಮ ಆಯ್ತದೆ ಬುಡಿ ಸಾ" ಎಂದ ರಾಜಣ್ಣ.

ತನ್ನನ್ನು ಪೆಟ್ಟಿಗೆಗೆ ತೂಗಿದ್ದು ಅಕ್ಕನಿಗೆ ಹಿಡಿಸಲಿಲ್ಲ. ಆದರೂ ಆ ಪೆಟ್ಟಿಗೆಯನ್ನು ತುಂಬಿದವಳು ಅವಳೇ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೊಬ್ಬರಿ ಬೆಲ್ಲ. ನನ್ನ ಬೂಟು, ಸ್ಪ್ಯಾನರುಗಳು ಸಂದಿಗೊಂದಿಯಲ್ಲಿ ತೂರಿಕೊಂಡವು. ಗಾಡಿ ಎತ್ತರವಾದ್ದರಿಂದ ಹತ್ತುವುದಕ್ಕೆ ಕೆಂಪು ಪ್ಲಾಸ್ಟಿಕ್ ಸ್ಟೂಲೊಂದನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಹಿಂದೆ ಬಿಗಿದೆವು. ಕೊನೆಗೆ ಅಕ್ಕ ಧಾಬಳಿಯಲ್ಲಿ ಸುತ್ತಿದ ಗಂಟೊಂದನ್ನು ತಂದಳು. ಅದರಲ್ಲಿ ಮುಕ್ತಿನಾಥದ ಸ್ನಾನಕ್ಕೆಂದು ಮಡಿಯಲ್ಲಿ ಒಣಗಿಸಿ ಇಟ್ಟ ಹದಿನೆಂಟು ಮೊಳದ ಸೀರೆ. ಅದು ಬೂಟಿಗೂ ಚರ್ಮಕ್ಕೂ ತಾಗಬಾರದು, ನಾನೂ ಮುಟ್ಟಬಾರದು. ಪೆಟ್ರೋಲ್ ಟ್ಯಾಂಕಿನ ಮೇಲೆ ನನ್ನ ಕ್ಯಾಮೆರಾಕ್ಕೆಂದು ಹೊಲಿಸಿದ್ದ ಚೀಲ ಅದರ ಪಾಲಾಯಿತು. ಕ್ಯಾಮೆರಾ ಮನೆಯಲ್ಲೇ ಉಳಿಯಿತು.

ಸೋನೌಲಿ

ಗೋಣಿ ಸುತ್ತಿಸಿಕೊಂಡು ಬೈಕು, ಅದರ ಹಿಂದೆ ನಾವು, ರೈಲಿನಲ್ಲಿ ಗೋರಖಪುರ ತಲುಪಿದೆವು. ಅಲ್ಲಿಂದ ಗಡಿಯ ಸೋನೌಲಿಗೆ ಸಪಾಟು ರಸ್ತೆ. ಅಕ್ಕ ತುರುಬು ಬಿಚ್ಚಿ ಜಡೆ ಹಾಕಿಕೊಂಡಿದ್ದಳು, ಹೆಲ್ಮೆಟ್ಟಿನೊಳಗೆ ತುರುಬು ಹಿಡಿಸದೆ.

ಗಡಿಯೆಂದರೆ ನಾನು ತಂತಿಬೇಲಿ, ಬಂದೂಕು ಎಂದೆಲ್ಲ ಎಣಿಸಿದ್ದೆ. ನೋಡಿದರೆ ನಂಜನಗೂಡಿನ ಬಜಾರು ರಸ್ತೆಯ ನಡುವೆ ಕಮಾನು ಕಟ್ಟಿದ ಹಾಗಿದೆ. ಈಚೆ ತರಕಾರಿ ಕೊಂಡವರು ಆಚೆಗೆ ಹೋಗಿ ಸಾರು ಮಾಡುತ್ತಾರೆ. ನಮ್ಮ ಕಾಗದ ನೋಡಿದ ಅಧಿಕಾರಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಹಳ ಮರುಕದಿಂದ, ನಿಮ್ಮ ಇನ್ನೊಂದು ಪೆಟ್ಟಿಗೆ ಎಲ್ಲಿ ಬಿತ್ತು ಎಂದು ಕೇಳಿದ. ಇನ್ನೊಂದು ಇರಲೇ ಇಲ್ಲ ಎಂದರೆ ನಂಬಲಿಲ್ಲ. ಆಮೇಲೆ ನೇಪಾಳದ ಉದ್ದಕ್ಕೂ ಇದೇ ಕಥೆ. ಚಹಾ ಅಂಗಡಿಯವರು, ಲಾರಿಯವರು, ಮೇಕೆ ಹೊಡೆದುಕೊಂಡು ಹೋಗುವವರು ಎಲ್ಲರೂ ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಪೆಟ್ಟಿಗೆ ಬಿದ್ದಿದೆ ಎಂದು ಹಿಂದಕ್ಕೆ ಬೆರಳು ತೋರಿಸುತ್ತಿದ್ದರು. ಅಷ್ಟು ಒಳ್ಳೆಯ ಜನ. ನಮ್ಮೂರಲ್ಲಾದರೆ ಬಿದ್ದದ್ದನ್ನು ಮೊದಲು ಹುಡುಕಲು ಹೋಗುತ್ತಿದ್ದೆವೇನೋ.

ತಾನ್ಸೇನ್

ಬುಟ್ವಲ್ ದಾಟಿದ ಮೇಲೆ ಘಾಟಿ ಶುರು. ಪಕ್ಕದ ಬಸ್ಸುಗಳ ಕಿಟಕಿಯಿಂದ ಜನ ಬಗ್ಗಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅಕ್ಕ ಅವರನ್ನೆಲ್ಲ ತನ್ನ ಬಳಗದವರೆಂಬಂತೆ ನೋಡಿ ಕೈಬೀಸುತ್ತ ಬಂದಳು. ಅವಳು ಅಷ್ಟು ಹೊತ್ತು ಹಾಡು ಗುನುಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ತಾನ್ಸೇನ್ ಊರಿನಲ್ಲಿ ಪೆಟ್ಟಿಗೆ ತೆರೆದಾಗ ಘಮ್ಮೆಂದಿತು. ದಾರಿಯ ಕುಲುಕಾಟಕ್ಕೆ ಗೊಜ್ಜಿನ ಡಬ್ಬಿಯ ಮುಚ್ಚಳ ಸಡಿಲಾಗಿ ಸ್ಪ್ಯಾನರುಗಳಿಗೆಲ್ಲ ಒಗ್ಗರಣೆ ಬಿದ್ದಿತ್ತು. ಮುಂದೆ ಬೇನಿಯಲ್ಲಿ ಪಂಕ್ಚರ್ ಹಾಕಿದವನು ನಾನು ಕೊಟ್ಟ ಸ್ಪ್ಯಾನರನ್ನು ಮೂಸಿ ನೋಡಿ, ಇದಕ್ಕೆ ಅನ್ನ ಎಲ್ಲಿದೆ ಎಂದು ಕೇಳಿದ. ಅಕ್ಕ ಅವನ ಹೆಂಡತಿಯಿಂದ ಅನ್ನ ತರಿಸಿ ಕಲಸಿಯೇ ಕೊಟ್ಟಳು.

ಅಕ್ಕನ ಕೈ ದೊಡ್ಡದು. ಇಳಿದ ಮನೆಯವರಿಗೆ ಅವಲಕ್ಕಿ, ಚಹಾ ಅಂಗಡಿಯವರಿಗೆ ಹುರಿಹಿಟ್ಟು, ಹೀಗೆ ಊರಿಂದೂರಿಗೆ ಪೆಟ್ಟಿಗೆ ಹಗುರಾಗುತ್ತ ಬಂತು. ನಾನು ಲೆಕ್ಕ ಹಾಕದೇ ಇದ್ದದ್ದು ಅದೊಂದೇ. ಬಲಗಡೆಯ ಭಾರ ಕರಗಿದಂತೆ ಗಾಡಿ ಎಡಕ್ಕೆ, ಅಂದರೆ ಅಕ್ಕನ ಕಡೆಗೆ, ಎಳೆಯತೊಡಗಿತು. ಈ ಸಂಗತಿಯನ್ನು ಸ್ವಂತ ಅಕ್ಕನಿಗೆ ಹೇಳುವ ಧೈರ್ಯ ಯಾವ ತಮ್ಮನಿಗಿದೆ? ಹ್ಯಾಂಡಲ್ಲನ್ನು ಬಲಕ್ಕೆ ಅದುಮಿ ಹಿಡಿದು ಭುಜ ನೋಯಿಸಿಕೊಂಡೆ.

ತಾತೋಪಾನಿ

ಬೇನಿಯಿಂದ ಮೇಲಕ್ಕೆ ರಸ್ತೆ ಕಾಳೀ ಗಂಡಕಿಯ ಪಕ್ಕದಲ್ಲೇ ಹೋಗುತ್ತದೆ. ಒಂದಷ್ಟು ಡಾಂಬರು, ಒಂದಷ್ಟು ಕೆಸರು, ಒಂದಷ್ಟು ಬರೀ ಧೈರ್ಯ. ಇಲ್ಲಿಯ ಜನ ಎದುರಾದವರಿಗೆಲ್ಲ 'ಬಿಸ್ತಾರೈ' ಎನ್ನುತ್ತಾರೆ. ನಿಧಾನವಾಗಿ ಎಂದರ್ಥ. ಡ್ರೈವರು ಡ್ರೈವರಿಗೆ ಹೇಳುತ್ತಾನೆ, ಬಡಿಸುವವರು ಉಣ್ಣುವವರಿಗೆ ಹೇಳುತ್ತಾರೆ. ನಮ್ಮಲ್ಲಿ ಹೋಗುವವರಿಗೆ 'ಹುಷಾರು' ಎಂದು ಭಯ ಹುಟ್ಟಿಸುತ್ತೇವೆ. ಇವರ ಮಾತು ಮೇಲು ಅನ್ನಿಸಿತು.

ತಾತೋಪಾನಿಯಲ್ಲಿ ಬಿಸಿನೀರಿನ ಬುಗ್ಗೆಯಿದೆ. ಅಕ್ಕ ಅಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ನಾನು ನದಿಯ ದಂಡೆಗೆ ಹೋಗಿ, ಹಿಡಿಗೆ ಸಿಗುವಂಥ ನುಣುಪಾದ ಕರಿಕಲ್ಲುಗಳನ್ನು ಆರಿಸಿ ತಂದು ಪೆಟ್ಟಿಗೆ ತುಂಬಿದೆ. ಗಾಡಿಯನ್ನು ಅತ್ತಿತ್ತ ತೂಗಿ ನೋಡಿದೆ. ತಕ್ಕಡಿ ಸಮ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಬೆಳಿಗ್ಗೆ ಅವಲಕ್ಕಿ ತೆಗೆಯಲು ಅಕ್ಕ ಮುಚ್ಚಳ ಎತ್ತಿದಳು. ನನ್ನ ಬೂಟುಗಳ ನಡುವೆ ಕರಿಕಲ್ಲುಗಳು ಕೂತಿದ್ದವು.

"ಇದು ಯಾವ ನದಿ?" ಎಂದಳು.

ಆಗ ನನಗೆ ಹೊಳೆಯಿತು, ನಾನೆಂಥ ಕೆಲಸ ಮಾಡಿದ್ದೇನೆಂದು. ನಮ್ಮ ಮನೆಗಳ ಪೂಜೆಯ ಸಂಪುಟದಲ್ಲಿರುವ ಸಾಲಿಗ್ರಾಮ ಹುಟ್ಟುವುದು ಈ ಗಂಡಕಿಯ ಪಾತ್ರದಲ್ಲೇ. ಕರಿಕಲ್ಲಿನ ಒಳಗೆ ಚಕ್ರದ ಗುರುತಿದ್ದರೆ ಅದು ಸಾಕ್ಷಾತ್ ವಿಷ್ಣು. ಎಷ್ಟೋ ಕಲ್ಲುಗಳಲ್ಲಿ ಹೊರಗಿನಿಂದ ಅದು ಕಾಣುವುದೂ ಇಲ್ಲ. ಇವು ಭಾರಕ್ಕೆಂದು ಹಾಕಿದ ಬರೀ ಕಲ್ಲು ಎಂದು ನಾನು ವಾದಿಸಿದೆ.

"ಯಾವುದರೊಳಗೆ ಇದ್ದಾನೆ, ಯಾವುದರೊಳಗೆ ಇಲ್ಲ ಅಂತ ನಿನಗೆ ಗೊತ್ತಾ?" ಎಂದಳು ಅಕ್ಕ.

ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಬೂಟುಗಳು ಗಡಿಪಾರಾಗಿ ಸ್ಟೂಲಿಗೆ ನೇತುಬಿದ್ದವು. ಸ್ಪ್ಯಾನರುಗಳು ನನ್ನ ಜಾಕೀಟಿನ ಜೇಬಿಗೆ ಬಂದವು. ಅವಲಕ್ಕಿ ನೈವೇದ್ಯವೆಂಬ ಹೆಸರಿನಲ್ಲಿ ಅಲ್ಲೇ ಉಳಿಯಿತು. ಅಂದಿನಿಂದ ಹೊರಡುವ ಮುನ್ನ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಕಾಡುಹೂವು, ಒಂದು ನಮಸ್ಕಾರ. ಚೌಕಟ್ಟು ಹಾಲಿನ ಕ್ಯಾನಿನದು, ತಗಡು ಬಸ್ಸಿನದು, ಒಳಗೆ ದೇವರು. ದೇವರಿಗೆ ಬೆನ್ನು ಮಾಡಿ ಕೂರಬೇಕಾಗಿದೆಯಲ್ಲ ಎಂಬುದೊಂದೇ ಅಕ್ಕನಿಗೆ ಕೊರಗು.

ಕಾಗ್‌ಬೇನಿ

ಮಾರ್ಫಾ ದಾಟಿದ ಮೇಲೆ ಮರಗಳು ಮುಗಿದು ಬೋಳು ಬೆಟ್ಟಗಳು ಬಂದವು. ಮಧ್ಯಾಹ್ನವಾದರೆ ಆ ಕಣಿವೆಯಲ್ಲಿ ಗಾಳಿ ಏಳುತ್ತದೆಂದು ಎಲ್ಲರೂ ಎಚ್ಚರಿಸಿದ್ದರು. ಆಷಾಢದ ಗಾಳಿ ಕಂಡವನಿಗೆ ಇದೇನು ಮಹಾ ಎಂದುಕೊಂಡೆ. ಕಾಗ್‌ಬೇನಿಯ ಮನೆಗಳು ಕಾಣುತ್ತಿದ್ದ ಹಾಗೆ ತಿರುವಿನಲ್ಲಿ ಬಲಗಡೆಯಿಂದ ಒಂದು ಬೀಸು ಬಂತು ನೋಡಿ, ಅಕ್ಕನ ಸೆರಗು ಹಾಯಿಯಂತೆ ಉಬ್ಬಿ ಗಾಡಿ ಎಡಕ್ಕೆ ಮಗುಚಿತು. ನಡೆದಾಡುವಷ್ಟು ನಿಧಾನದಲ್ಲಿ ಹೋಗುತ್ತಿದ್ದೆವು, ನೆಲ ಮರಳು. ಅಕ್ಕ ಕಾಲು ಇಳಿಬಿಟ್ಟು ಕೂತಿದ್ದರಿಂದ ಜಾರಿ ಎದ್ದು ನಿಂತೇಬಿಟ್ಟಿದ್ದಳು. ನನ್ನ ಮೊಣಕೈ ತರಚಿತು. ಮೊದಲು ಪೆಟ್ಟಿಗೆ ನೋಡು ಎಂದಳು. ಪೆಟ್ಟಿಗೆಗೇನೂ ಆಗಿರಲಿಲ್ಲ. ಆದರೆ ಎಡಗಡೆಯ ಹಲಗೆ ಬುಡದಿಂದ ಕಿತ್ತು ಬಂದು, ಸೀರೆ ಗಾರ್ಡು ಚಕ್ರಕ್ಕೆ ಒತ್ತಿಕೊಂಡಿತ್ತು. ಗಾರ್ಡನ್ನು ಅಲ್ಲೇ ಬಿಚ್ಚಿದ ಮೇಲಷ್ಟೇ ಚಕ್ರ ತಿರುಗಿತು.

ಗಾಡಿ ಓಡುತ್ತಿತ್ತು, ಆದರೆ ಅಕ್ಕ ಒಂದೇ ಕಡೆ ಕೂರಲು ಆಸರೆ ಉಳಿದಿರಲಿಲ್ಲ. ತಳ್ಳಿಕೊಂಡು ಊರು ಸೇರಿದೆವು. ನಾವು ಇಳಿದ ಮನೆಯೊಡತಿ ಪೇಮಾ, ಅಕ್ಕನಿಗಿಂತ ಸ್ವಲ್ಪ ಚಿಕ್ಕವಳು. ಅವಳಿಗೆ ಮುರುಕು ಹಿಂದಿ, ನಮಗೂ ಮುರುಕು ಹಿಂದಿ, ಹಾಗಾಗಿ ಚೆನ್ನಾಗಿ ಹೊಂದಿತು. ಊರಿನಲ್ಲಿ ವೆಲ್ಡಿಂಗ್ ಮಾಡುವವನು ಪೋಖರಾಕ್ಕೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ತಿಳಿಯದು ಎಂದಳು. ಮುಕ್ತಿನಾಥ ಇಲ್ಲೇ ಮೇಲೆ, ಜೀಪು ಹೋಗುತ್ತದೆ ಎಂದಳು. ನಡೆದು ಹತ್ತುವುದಕ್ಕೆ ಆ ಎತ್ತರದಲ್ಲಿ ಅಕ್ಕನಿಗೆ ಉಸಿರು ಸಾಲದು.

ಅಕ್ಕ ಜೀಪಿನ ಬಳಿಗೆ ಹೋದಳು. ಬಾಗಿಲು ಹಿಡಿದು ಒಂದು ಕಾಲನ್ನೂ ಒಳಗಿಟ್ಟಳು. ಡ್ರೈವರು ಎಂಜಿನ್ ಶುರುಮಾಡಿದ. ಡೀಸೆಲ್ ಹೊಗೆ ಬಂದದ್ದೇ ಬಾಯಿಗೆ ಸೆರಗು ಒತ್ತಿಕೊಂಡು ಇಳಿದು, ಗೋಡೆಯ ಮರೆಗೆ ಹೋಗಿ, ಹಿಂದಿರುಗಿ ಕೆಂಪು ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡಿದಳು.

"ನೀನು ಹೋಗಿ ಬಾ" ಎಂದಳು. "ಗಿಂಡೀಲಿ ತೀರ್ಥ ತಗೊಂಡು ಬಾ. ನನಗೇನು ಅದು ಹೊಸದಾ."

ಅವಳು ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ. ಅವಳು ಇಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೇ ಅಳು ಬಂತು. ನಂಜನಗೂಡಿನಿಂದ ಹಿಮಾಲಯದವರೆಗೆ ಕರೆತಂದು, ದೇವಸ್ಥಾನದ ಮೆಟ್ಟಿಲ ಕೆಳಗೆ ಬಿಟ್ಟುಹೋಗುವ ತಮ್ಮ ನಾನು. ವೆಲ್ಡಿಂಗಿನವನು ಬರುವತನಕ ಕಾಯೋಣ ಎಂದರೆ, ನಿನ್ನ ರಜಾ ಮುಗಿಯುತ್ತದೆ ಎಂದಳು. ಎರಡೂ ಕಡೆ ಕಾಲು ಹಾಕುವ ಮಾತು ನಾಲಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ನುಂಗಿಕೊಂಡೆ. ಅದನ್ನು ಪೇಮಾ ಆಡಿದಳು. ತನ್ನ ದಪ್ಪ ನಿಲುವಂಗಿಯನ್ನು ತೋರಿಸಿ, ಇದನ್ನೇ ಎತ್ತಿ ಕಟ್ಟಿಕೊಂಡು ಕುದುರೆ ಹತ್ತುತ್ತೇನೆ, ನಿಮ್ಮ ಊರಿನ ಹೆಂಗಸರು ಹಿಂದೆ ಕೆಲಸ ಹೇಗೆ ಮಾಡುತ್ತಿದ್ದರು ಎಂದು ಕೇಳಿದಳು. ಸುಮ್ಮನೆ ಕೇಳಿದ್ದು ಅಷ್ಟೆ. ಅಕ್ಕ ಆ ನಿಲುವಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

ಬೆಳಿಗ್ಗೆ ಗಾಳಿ ನಿಂತಿತ್ತು. ನಾನೊಬ್ಬನೇ ಹೊರಡಲೆಂದು ಜಾಕೀಟು ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಧಾಬಳಿಯ ಗಂಟು ಬಿಚ್ಚಿ, ಆ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ನೆರಿಗೆ ಕಾಲುಗಳ ನಡುವಿನಿಂದ ಹಿಂದಕ್ಕೆ ಹೋಗಿ ಸೊಂಟದಲ್ಲಿ ಬಿಗಿಯಾಗಿ ಕೂತಿತ್ತು. ನಮ್ಮ ಅಜ್ಜಿಯೇ ಎದ್ದು ಬಂದ ಹಾಗಿತ್ತು.

"ಅಜ್ಜಿ ಇದೇ ಕಚ್ಚೇಲಿ ಹುಣಸೇಮರ ಹತ್ತುತಿದ್ದಳು ಕಣೋ" ಎಂದಳು ಅಕ್ಕ. "ಕುದುರೆ ಸಿಕ್ಕಿದ್ದರೆ ಅದನ್ನೂ ಹತ್ತುತಿದ್ದಳೋ ಏನೋ. ಸ್ಟೂಲು ಹಾಕು."

ಮಡಿ ಸೀರೆಯಲ್ಲವೇ, ಬೈಕಿನ ಸೀಟಿಗೆ ತಾಗಿದರೆ ಮೈಲಿಗೆಯಲ್ಲವೇ ಎಂದು ನಾನು ತೊದಲಿದೆ.

"ಮೇಲೆ ನೂರೆಂಟು ಧಾರೆ ಇದೆಯಲ್ಲ. ಒದ್ದೆ ಆದ್ರೆ ಮತ್ತೆ ಮಡಿ" ಎಂದಳು.

ಇನ್ನೊಂದು ತೊಡಕಿತ್ತು. ಅಕ್ಕ ನಡುವೆ ಕೂತರೆ ಬಲಗಡೆಯ ಕಲ್ಲುಗಳು ಗಾಡಿಯನ್ನು ಎಳೆಯುತ್ತವೆ. ಹೇಗೆ ಹೇಳಲಿ ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವಳೇ ಪೆಟ್ಟಿಗೆ ತೆರೆದು ಕಲ್ಲುಗಳನ್ನು ಮಡಿಲಿಗೆ ತುಂಬಿಕೊಂಡಳು. ಕಾಗ್‌ಬೇನಿಯಲ್ಲಿ ಗಂಡಕಿಗೆ ಇನ್ನೊಂದು ಹೊಳೆ ಬಂದು ಸೇರುತ್ತದೆ. ನಮ್ಮ ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿ ಮೆಲ್ಲಗೆ, ನೆಂಟರ ಹಾಗೆ, ಒಂದಾಗುತ್ತವೆ. ಇಲ್ಲಿ ಎರಡೂ ಜಗಳಾಡುತ್ತಲೇ ಸೇರುತ್ತವೆ. ಅಕ್ಕ ಆ ಸಂಗಮದಲ್ಲಿ ಬಗ್ಗಿ ಒಂದೊಂದೇ ಕಲ್ಲನ್ನು ನೀರಿನೊಳಗೆ ಇಟ್ಟಳು, ಎಸೆಯಲಿಲ್ಲ. ಒಂದನ್ನಾದರೂ ಮನೆಗೆ ಇಟ್ಟುಕೋ ಎಂದೆ.

"ಒಂದನ್ನ ಇಟ್ಕೊಂಡ್ರೆ ಉಳಿದದ್ದೆಲ್ಲ ಬರೀ ಕಲ್ಲು ಅಂತ ನಾನೇ ತೀರ್ಪು ಕೊಟ್ಟ ಹಾಗಾಗತ್ತೆ" ಎಂದಳು.

ಮುಕ್ತಿನಾಥ

ಪೇಮಾ ಸ್ಟೂಲು ಹಿಡಿದುಕೊಂಡಳು. ಅಕ್ಕ ಅದರ ಮೇಲೆ ನಿಂತು, ನನ್ನ ಹೆಗಲು ಹಿಡಿದು, ಆಚೆಗೆ ಒಂದು ಕಾಲು ಹಾಕಿ ಕೂತಳು. ಕೂತವಳೇ ನಕ್ಕಳು. "ಮೊದಲೇ ಹೇಳಬಾರದಿತ್ತೇನೋ, ಇಷ್ಟು ಆರಾಮ ಅಂತ" ಎಂದು ನನಗೇ ಬೈದಳು. ಹೇಳಕೂಡದೆಂದು ಷರತ್ತು ಹಾಕಿದವರು ಯಾರೆಂದು ನಾನು ಕೇಳಲಿಲ್ಲ. ಗಾಡಿ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ತಿರುವು ತಿರುವಾಗಿ ಹತ್ತಿತು. ಹಿಂದಿನಿಂದ ಅಕ್ಕ ಪ್ರತಿ ತಿರುವಿಗೂ "ಬಿಸ್ತಾರೈ" ಎನ್ನುತ್ತಿದ್ದಳು. ಎದುರು ಬಂದ ಜೀಪಿನವನೊಬ್ಬ ಪೆಟ್ಟಿಗೆ ಬಿದ್ದಿದೆ ಎಂದು ಕೂಗಿದಾಗ, ಬೀಳಲಿ ಬಿಡು ಎಂದು ಕನ್ನಡದಲ್ಲೇ ಉತ್ತರ ಕೊಟ್ಟಳು.

ದೇವಸ್ಥಾನದ ಹಿಂದಿನ ಗೋಡೆಯಲ್ಲಿ ಅರ್ಧಚಂದ್ರಾಕಾರವಾಗಿ ನೂರೆಂಟು ಹಿತ್ತಾಳೆಯ ಬಾಯಿಗಳಿಂದ ಹಿಮದ ನೀರು ಸುರಿಯುತ್ತದೆ. ಎಲ್ಲದರ ಕೆಳಗೂ ತಲೆಯೊಡ್ಡಿ ಓಡಬೇಕು. ಹರೆಯದವರು ಕಿರುಚುತ್ತ ಓಡುತ್ತಿದ್ದರು. ನಾನು ನಾಲ್ಕಾರು ಧಾರೆಗೇ ಹಲ್ಲು ಕಟಕಟನೆ ಕಡಿದು ಈಚೆ ಬಂದೆ. ಅಕ್ಕ ಓಡಲಿಲ್ಲ. ಒಂದೊಂದರ ಕೆಳಗೂ ನಿಂತು, ಅಂಗೈಯಲ್ಲಿ ಹಿಡಿದು, ಒಂದು ತೊಟ್ಟು ಕುಡಿದು, ತಲೆಗೆ ಹಾಕಿಕೊಂಡು ಮುಂದಿನದಕ್ಕೆ ಹೋದಳು. ಹಿಂದೆ ನಿಂತಿದ್ದವರು ಕಾಯಲಾರದೆ ಅವಳನ್ನು ಬಳಸಿಕೊಂಡು ಮುಂದೆ ಹೋದರು. ಕೊನೆಯ ಧಾರೆಯಿಂದ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಪೇಮಾ ಕೊಟ್ಟಿದ್ದ ಕಂಬಳಿ ಹೊದಿಸಿದೆ. ನನ್ನ ಕೈಹಿಡಿದು ಕೂತಳು. ನಾನು ಕಂಡ ಪ್ರಪಂಚದಲ್ಲಿ ಅಷ್ಟು ತೃಪ್ತಿಯ ಮುಖ ಇನ್ನೊಂದಿಲ್ಲ.

ಸೋಸಲೆ

ಮನೆಗೆ ಬಂದ ದಿನ ಭಾವ ಜಗಲಿಯಲ್ಲಿ ಕಾಯುತ್ತಿದ್ದರು. ಅಕ್ಕ ಅವರನ್ನು ಮಣೆ ಹಾಕಿ ಕೂರಿಸಿ, ಮುಕ್ತಿನಾಥದಲ್ಲಿ ತುಂಬಿ ತಂದ ಗಿಂಡಿ ತೆರೆದು ತೀರ್ಥ ಕೊಟ್ಟಳು. ಅಷ್ಟು ವರ್ಷ ಕೊಟ್ಟು ಅಭ್ಯಾಸವಿದ್ದ ಭಾವನಿಗೆ ತೆಗೆದುಕೊಳ್ಳುವುದಕ್ಕೆ ಯಾವ ಕೈ ಮುಂದೆ ಮಾಡಬೇಕೆಂದು ಒಂದು ಗಳಿಗೆ ತೋಚಲಿಲ್ಲ. ಹೇಗಿತ್ತು ಎಂದು ಕೇಳಿದರು. ತಣ್ಣಗಿತ್ತು, ಇಲ್ಲಿಗೆ ಬರೋಷ್ಟರಲ್ಲಿ ಬೆಚ್ಚಗಾಗಿಬಿಡತ್ತೆ ನೋಡಿ ಎಂದಳು.

ಕೆಲವು ದಿನಗಳ ಮೇಲೆ ಹಲಗೆ ರಿಪೇರಿಗೆಂದು ಚಿಕ್ಕಯ್ಯನಛತ್ರಕ್ಕೆ ಹೊರಟೆ. ತಾನೂ ಬರುತ್ತೇನೆಂದು ಅಕ್ಕ ಹತ್ತಿದಳು. ಮಡಿಯದಲ್ಲ, ಗಾಡಿಗೆಂದೇ ಮೈಸೂರಿನಲ್ಲಿ ಕೊಂಡ ಹತ್ತಿಯ ಇನ್ನೊಂದು ಹದಿನೆಂಟು ಮೊಳದ ಸೀರೆ, ಕಚ್ಚೆ ಹಾಕಿ. ದಾರಿಯಲ್ಲಿ ಜನ ನೋಡಿದರು. ಅಕ್ಕನೂ ಅವರನ್ನು ನೋಡಿದಳು.

ರಾಜಣ್ಣ ಕಿತ್ತುಹೋದ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಪೇಚಾಡಿಕೊಂಡ.

"ಬೆಸುಗೆ ಬುಟ್ಕಂಡದೆ ಸಾ. ಈ ಕಿತ ಗಟ್ಟಿಯಾಗಿ ಆಕ್ಕೊಡ್ತೀನಿ, ಅಕ್ಕೋರು ಕುಣುದ್ರೂ ಅಳ್ಳಾಡಾಕಿಲ್ಲ" ಎಂದ.

ಅಕ್ಕ ಗಾಡಿಯಿಂದ ಇಳಿಯಲೇ ಇಲ್ಲ. ಎರಡೂ ಕಡೆ ಕಾಲು ಊರಿಕೊಂಡೇ ಬಗ್ಗಿ, ಖಾಲಿ ಇದ್ದ ಎಡಗಡೆಯನ್ನು ತಟ್ಟಿ ತೋರಿಸಿದಳು.

"ಹಲಗೆ ಬೇಡ ರಾಜಣ್ಣ. ಈ ಕಡೆಗೂ ಒಂದು ಪೆಟ್ಟಿಗೆ ಹಾಕಿಬಿಡಿ."